ಆರುನೂರು ಪಟ್ಟು ಸಿಹಿ

ಕಾಣದವರಿಗೆ ಕಾಣಿಸುವ ಹಾಗೆ ಮಾಡುವುದು ಅವನ ಕಸುಬು. ಮೂರು ಹೆಜ್ಜೆ ಅಗಲ, ಎಂಟು ಹೆಜ್ಜೆ ಉದ್ದದ ಕನ್ನಡಕದ ಅಂಗಡಿ. ಕೊನೆಯ ಗೋಡೆಯ ಮೇಲೆ ಅಕ್ಷರದ ಹಲಗೆ: ಮೇಲಿನ ಸಾಲಿನ ಅಕ್ಷರ ಅಂಗೈಯಷ್ಟು, ಕೊನೆಯ ಸಾಲಿನದು ಸಾಸಿವೆಯಷ್ಟು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, "ಮೇಲಿಂದು ಬಿಡಿ, ಅದು ಎಮ್ಮೆಗೂ ಕಾಣತ್ತೆ. ಸಣ್ಣಕ್ಷರ ಓದಿ, ಸಣ್ಣಕ್ಷರ" ಎನ್ನುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಅದನ್ನೇ ಕೇಳಿ ಕೇಳಿ ಬೀದಿಯವರು ಅವನಿಗೆ 'ಸಣ್ಣಕ್ಷರ' ಎಂದೇ ಹೆಸರಿಟ್ಟಿದ್ದರು. ಹೆಸರು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ ಕೋಪ ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಆದರೆ ಸಣ್ಣಕ್ಷರ ತಾನು ಮಾತ್ರ ಯಾವ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಜನ್ಮದಲ್ಲಿ ಓದಿದವನಲ್ಲ. ಕಣ್ಣು ಚೆನ್ನಾಗಿಯೇ ಇತ್ತು. ಪುರುಸೊತ್ತು ಇರಲಿಲ್ಲ.

ಐವತ್ತು ದಾಟುವ ಹೊತ್ತಿಗೆ ಡಾಕ್ಟರು ಅವನ ರಕ್ತಪರೀಕ್ಷೆಯ ಚೀಟಿಯನ್ನು ಮುಂದಕ್ಕೆ ಸರಿಸಿ, "ಶುಗರ್ ಗಡಿ ಮೇಲಿದೆ. ಟೀಗೆ ಸಕ್ಕರೆ ಬಿಡಿ" ಎಂದರು. ಸಣ್ಣಕ್ಷರನ ಮುಖ ಮನೆಯಿಂದ ಹೊರಗೆ ಹಾಕಿಸಿಕೊಂಡವನ ಹಾಗಾಯಿತು. ದಿನಕ್ಕೆ ಆರು ಟೀ ಕುಡಿಯುವ ಪ್ರಾಣಿ ಅದು. ಡಾಕ್ಟರಿಗೇ ಅಯ್ಯೋ ಅನ್ನಿಸಿ, ಸಕ್ಕರೆಯ ಬದಲು ಹಾಕಿಕೊಳ್ಳುವ ಸಿಹಿಪುಡಿಯ ಒಂದು ಪುಟ್ಟ ಡಬ್ಬಿಯ ಹೆಸರು ಬರೆದುಕೊಟ್ಟರು.

"ಇದು ತಗೋಬಹುದಾ ಡಾಕ್ಟ್ರೇ? ಏನೇನೋ ಹೇಳ್ತಾರಲ್ಲ ಜನ."

"ಹೇಳಿದ ಮಿತಿಯೊಳಗೆ ತಗೊಂಡ್ರೆ ಭಯ ಇಲ್ಲ. ಹಾಗಂತ ಔಷಧಿ ಅಂದ್ಕೋಬೇಡಿ. ನಾಲಿಗೆಗೆ ಸಿಹಿ, ಹೊಟ್ಟೆಗೆ ಏನೂ ಇಲ್ಲ. ಅದೇ ಇದರ ಗುಣ. ಸಕ್ಕರೆಗಿಂತ ಆರುನೂರು ಪಟ್ಟು ಸಿಹಿ, ಅದಕ್ಕೇ ಚೂರೇ ಚೂರು ಸಾಕು."

ಡಾಕ್ಟರು ಆಡಿದ ಅಷ್ಟೂ ಮಾತಿನಲ್ಲಿ ಸಣ್ಣಕ್ಷರ ಮನೆಗೆ ಹೊತ್ತು ತಂದದ್ದು ಎರಡೇ ಪದ: ಆರುನೂರು ಪಟ್ಟು.

ಮಾರನೆಯ ದಿನದಿಂದ ಅವನು ಆ ಡಬ್ಬಿಯ ಪ್ರಚಾರಕನಾದ. ಕನ್ನಡಕದ ಚೌಕಟ್ಟು ಸರಿಮಾಡಿಸಿಕೊಳ್ಳಲು ಬಂದವರಿಗೂ ಒಂದು ಚಿಟಿಕೆ ನಾಲಿಗೆಗಿಟ್ಟು, "ಹೇಗಿದೆ?" ಎನ್ನುವನು. ನಿಂಬೆ ಪಾನಕಕ್ಕೆ ಅದೇ, ಹಾಲಿಗೆ ಅದೇ. ಹೆಂಡತಿ ಕೇಕು ಮಾಡಲೆಂದು ಅಳೆದಿಟ್ಟ ಎರಡು ಬಟ್ಟಲು ಸಕ್ಕರೆಯನ್ನು ಅವಳು ಆಚೆ ಹೋದಾಗ ಎತ್ತಿಟ್ಟು, ಹಿಟ್ಟಿಗೆ ಒಂದು ಚಿಟಿಕೆ ಪುಡಿ ಉದುರಿಸಿದ. ಒಲೆಯಿಂದ ಹೊರಬಂದದ್ದು ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು. ಚಾಕು ಇಳಿಯಲಿಲ್ಲ.

"ಸಿಹಿ ಇದೆ ತಾನೆ?" ಎಂದ ಅವನು, ಕಚ್ಚಲಾಗದೆ ನೆಕ್ಕಿ ನೋಡಿ.

"ಸಕ್ಕರೆ ಬರೀ ಸಿಹಿಗಲ್ಲ ರೀ ಹಾಕೋದು. ಅದು ಕೇಕಿನ ಮೈಯಿ" ಎಂದಳು ಹೆಂಡತಿ. ಅವಳು ಹೆಚ್ಚು ಮಾತಿನವಳಲ್ಲ. ಹೇಳುವುದನ್ನು ಒಂದೇ ಸಲ ಹೇಳುತ್ತಿದ್ದಳು. ಅವನಿಗೋ ಯಾವುದನ್ನಾದರೂ ಇಪ್ಪತ್ತು ಸಲ ಹೇಳಿದರೇ ಕೇಳಿಸುತ್ತಿದ್ದುದು.

ಇಂಥ ಸಮಯದಲ್ಲಿ ಅವನ ಅಕ್ಕ ಜೇನುಪೆಟ್ಟಿಗೆಯನ್ನು ತಂದಳು.

ಅಕ್ಕನ ಮಂಡಿಗೆ ಆಪರೇಷನ್ ಆಗಬೇಕಿತ್ತು. ಮಗಳ ಮನೆಯಲ್ಲಿ ಎರಡು ತಿಂಗಳು ಇರಬೇಕು. ಪೆಟ್ಟಿಗೆ ಭಾವನದು. ಭಾವ ಹೋಗಿ ಮೂರು ವರ್ಷವಾಗಿತ್ತು. ಜೇನುನೊಣಗಳನ್ನು ಅಕ್ಕ ಒಬ್ಬಳೇ ಸಾಕಿಕೊಂಡು ಬಂದಿದ್ದಳು. ಪೆಟ್ಟಿಗೆಯ ಬಾಗಿಲಿಗೆ ಬಲೆ ಬಿಗಿದು, ಒದ್ದೆ ಬಟ್ಟೆ ಸುತ್ತಿ, ಗಾಡಿಯಲ್ಲಿ ಮಗುವನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ತಮ್ಮನ ತಾರಸಿಯ ಮೇಲೆ ನಾಲ್ಕು ಕಾಲಿನ ಮಣೆ, ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು.

"ಇದು ಯಾಕೆ?"

"ಇರುವೆ ಹತ್ತದೆ ಇರ್ಲಿ ಅಂತ. ಪಾಕ ಇಟ್ಟರೆ ಮೊದಲು ಬರೋವೇ ಅವು. ನೋಡು, ಈಗ ಎಲ್ಲೂ ಹೂವಿಲ್ಲ. ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ತಟ್ಟೆಗೆ ಹಾಕಿ ಬಾಗಿಲ ಮುಂದಿಡು. ಮೇಲೆ ಕಡ್ಡಿ ತೇಲಿಬಿಡು, ಕೂತು ಕುಡಿಯೋಕೆ. ಇಲ್ಲಾಂದ್ರೆ ಮುಳುಗಿ ಸಾಯ್ತವೆ. ಮುಚ್ಚಳ ಮಾತ್ರ ತೆಗೀಬೇಡ, ಬೆದರ್ತವೆ."

"ಒಳಗೆ ಹೇಗಿವೆ ಅಂತ ತಿಳಿಯೋದು ಹೇಗೆ ಮತ್ತೆ?"

ಅಕ್ಕ ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಪಕ್ಕಕ್ಕೆ ಮೂರು ಸಲ ತಟ್ಟಿ ಕಿವಿಯಿಟ್ಟಳು. ಅವನನ್ನೂ ಎಳೆದು ಕಿವಿ ಇಡಿಸಿದಳು. ಒಳಗಿನಿಂದ ಗುಂಯ್ ಎಂದು ಒಂದು ಅಲೆ ಎದ್ದು ಇಳಿಯಿತು.

"ನಿಮ್ಮ ಭಾವ ದಿನಾ ಬೆಳಗ್ಗೆ ತಟ್ಟೋರು. 'ಎಲ್ಲಾ ಇದ್ದೀರೇನ್ರೋ' ಅಂತ. ಈಗ ನಾನು ತಟ್ತೀನಿ. ಮನೇಲಿ ನನ್ನ ಮಾತಿಗೆ ಓಗೊಡೋದು ಇವಿಷ್ಟೇ ಕಣೋ. ಜೋಪಾನ."

"ನಿನಗ್ಯಾಕೆ ಚಿಂತೆ, ನಾನಿಲ್ವಾ?" ಎಂದ ಸಣ್ಣಕ್ಷರ. ಮನಃಪೂರ್ವಕವಾಗಿಯೇ ಹೇಳಿದ. ಅದೇ ದುಃಖದ ಸಂಗತಿ.

ಮೊದಲ ವಾರ ಅವನು ಸಕ್ಕರೆಯನ್ನೇ ಇಟ್ಟ. ಕಡ್ಡಿಗಳ ಬದಲು ಅಂಗಡಿಯಲ್ಲಿ ಬಿದ್ದಿದ್ದ ಮುರಿದ ಕನ್ನಡಕಗಳ ಕಿವಿಕಡ್ಡಿಗಳನ್ನು ತೇಲಿಬಿಟ್ಟ. ನೊಣಗಳು ಅವುಗಳ ಮೇಲೆ ಸಾಲಾಗಿ ಕೂತು ಕುಡಿಯುವುದನ್ನು ನೋಡಿ ಅವನಿಗೆ ಖುಷಿಯಾಯಿತು. ಸಂಜೆಯೊಳಗೆ ತಟ್ಟೆ ಒಣಗುತ್ತಿತ್ತು. ಎಂಟನೆಯ ದಿನ ಸಕ್ಕರೆ ಸುರಿಯುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು. ನೊಣ ತಿಂದದ್ದೇ ತಾನೆ ಜೇನಾಗುವುದು? ಹಾಗಾದರೆ ನೊಣಕ್ಕೆ ಸಕ್ಕರೆಯನ್ನೇ ಕೊಡದಿದ್ದರೆ?

ಪ್ರಪಂಚದ ಮೊದಲ ಸಕ್ಕರೆಯಿಲ್ಲದ ಜೇನು ತನ್ನ ತಾರಸಿಯ ಮೇಲೆ ಹುಟ್ಟಲಿದೆ ಎಂದು ಅವನಿಗೆ ಖಚಿತವಾದದ್ದು ಮಾರನೆಯ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ. ಬಾಯಿ ಮುಕ್ಕಳಿಸುವಷ್ಟರಲ್ಲಿ ತೀರ್ಮಾನವೂ ಆಗಿಹೋಗಿತ್ತು. ಅಂದಿನಿಂದ ತಟ್ಟೆಯ ನೀರಿಗೆ ಸಕ್ಕರೆಯ ಬದಲು ಡಬ್ಬಿಯ ಪುಡಿ ಬಿತ್ತು.

ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಮೊದಲು ಹೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಲ್ಲಯ್ಯಾ, ಸಕ್ಕರೆ ಅಂಶ ಇಲ್ಲದೆ ಜೇನು ಅಂತ ಆಗತ್ತೇನಯ್ಯಾ?"

"ಹೋಗೋದರಲ್ಲೇ ಇಲ್ಲ ಅಂದ್ಮೇಲೆ ಬರೋದರಲ್ಲಿ ಎಲ್ಲಿಂದ ಇರತ್ತೆ ಮೇಷ್ಟ್ರೇ? ನೀವೇ ಲೆಕ್ಕ ಹಾಕಿ."

ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಕಲಿಸಿದವರು. ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ ಎಂದು ಅವರ ಮನಸ್ಸು ಹೇಳಿತು. ಆದರೆ ಅವರಿಗೂ ಶುಗರ್ ಇತ್ತು. ಹನ್ನೊಂದು ವರ್ಷದಿಂದ ಜೇನು ಮುಟ್ಟಿರಲಿಲ್ಲ. ಮಧ್ಯಾಹ್ನದೊಳಗೆ ತೊಳೆದು ಒಣಗಿಸಿದ ಒಂದು ಬಾಟ್ಲಿಯನ್ನು ಅಂಗಡಿಗೆ ತಂದಿಟ್ಟರು.

ಮಹಡಿ ಮನೆಯ ದರ್ಜಿ ಅಮ್ಮ ಎರಡು ಬಾಟ್ಲಿ ತಂದಳು. "ದೊಡ್ಡದು ನಂದು. ಚಿಕ್ಕದು ಅತ್ತೇದು. ಕೇಳಿದ್ರೆ ಎರಡೂ ಒಂದೇ ಅಳತೆ ಅಂತ ಹೇಳ್ಬೇಕು ನೀವು." ವಾರದೊಳಗೆ ಕನ್ನಡಕಗಳ ಗಾಜಿನ ಕಪಾಟಿನ ಮೇಲೆ ಬಾಟ್ಲಿಗಳ ಸಾಲು ನಿಂತಿತು. ಕನ್ನಡಕ ಕೊಳ್ಳಲು ಬಂದವರು ಇದು ಉಪ್ಪಿನಕಾಯಿ ಅಂಗಡಿಯೇನೋ ಎಂದು ಹಿಂದಕ್ಕೆ ಹೋಗುವಷ್ಟಾಯಿತು. ಅದಕ್ಕೆಂದೇ ಅವನು ಅಕ್ಷರದ ಹಲಗೆಯ ಪಕ್ಕದಲ್ಲಿ ಹೊಸ ಹಲಗೆ ತೂಗುಹಾಕಿದ. ಮೇಲೆ ಅಂಗೈಯಷ್ಟು ದೊಡ್ಡದಾಗಿ 'ಜೇನು', ಅದರ ಕೆಳಗೆ 'ಸಕ್ಕರೆ ಇಲ್ಲದ್ದು', ಅದರ ಕೆಳಗೆ 'ಶೀಘ್ರದಲ್ಲೇ', ಕೊನೆಗೆ ಸಾಸಿವೆಯಷ್ಟು ಚಿಕ್ಕದಾಗಿ 'ಬಾಟ್ಲಿ ನೀವೇ ತರತಕ್ಕದ್ದು.'

ತಟ್ಟೆಯಲ್ಲಿ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಬೆಳಗ್ಗೆ ಎಷ್ಟು ತುಂಬಿಸಿದ್ದನೋ ಸಂಜೆಯೂ ಅಷ್ಟೇ ಇರುತ್ತಿತ್ತು. ನೊಣಗಳು ಬಂದು ಕಿವಿಕಡ್ಡಿಯ ಮೇಲೆ ಕೂತು, ಬಗ್ಗಿ ಮುಟ್ಟಿ ನೋಡಿ, ಎದ್ದು ಹೋಗುತ್ತಿದ್ದವು.

"ಕುಡೀತಾನೇ ಇಲ್ವಲ್ಲ ರೀ" ಎಂದಳು ಹೆಂಡತಿ.

"ಆರುನೂರು ಪಟ್ಟು ಸಿಹಿ ಕಣೇ! ಒಂದು ನೊಣ ಒಂದು ಗುಟುಕು ಕುಡಿದ್ರೆ ಆರುನೂರು ಗುಟುಕು ಕುಡಿದ ಲೆಕ್ಕ. ಆರುನೂರು ದಿನಕ್ಕೆ ಆಯ್ತು ಅದರದ್ದು."

ಹೆಂಡತಿ ಮಣೆಯ ಕಾಲುಗಳ ಕಡೆ ನೋಡಿದಳು. ಬಟ್ಟಲುಗಳಲ್ಲಿ ನೀರು ಆರಿಹೋಗಿ ದಿನಗಳಾಗಿದ್ದವು. ಅವಳ ಅಡುಗೆಮನೆಯಲ್ಲಿ ಒಂದು ಕಾಳು ಸಕ್ಕರೆ ಬಿದ್ದರೆ ಕಾಲು ಗಂಟೆಯಲ್ಲಿ ಹಾಜರಾಗುವ ಇರುವೆ ಇಲ್ಲಿ ಒಂದೂ ಇರಲಿಲ್ಲ.

"ಇರುವೆ ಯಾಕೆ ಬಂದಿಲ್ಲ?"

"ಶುದ್ಧ ಪದಾರ್ಥ! ಇರುವೆ ಕೂಡ ಮುಟ್ಟಲ್ಲ. ಇದನ್ನೂ ಹಲಗೆ ಮೇಲೆ ಬರೀಬೇಕು ನೋಡು."

ಬರೆಸಿಯೂ ಬಿಟ್ಟ. ಹೆಂಡತಿ ಬೆಳಗ್ಗೆ ತಾರಸಿ ಗುಡಿಸುವಾಗ ಪೆಟ್ಟಿಗೆಯ ಬಾಗಿಲ ಬಳಿ ಬಿದ್ದ ನೊಣಗಳನ್ನು ಹಳೆಯ ಪತ್ರಿಕೆಯ ಮೇಲೆ ಎತ್ತಿ, ಮಡಚಿ, ಗಿಡದ ಕುಂಡದ ಮಣ್ಣಿನಲ್ಲಿ ಇಡುತ್ತಿದ್ದಳು. ಮೊದಮೊದಲು ನಾಲ್ಕೈದು. ಆಮೇಲೆ ಮಡಚಿದ ಪತ್ರಿಕೆ ಉಬ್ಬುವಷ್ಟು. ಅವಳು ತೋರಿಸಿದರೆ ಅವನು, "ವಯಸ್ಸಾದವು" ಎನ್ನುತ್ತಿದ್ದ.

ಅಕ್ಕ ಫೋನು ಮಾಡುತ್ತಿದ್ದಳು.

"ಹೇಗಿವೆಯೋ?"

"ರಾಜಭೋಗದಲ್ಲಿವೆ ಅಕ್ಕಾ. ತಟ್ಟೆ ಯಾವಾಗ ನೋಡಿದ್ರೂ ತುಂಬೇ ಇರತ್ತೆ."

"ನನ್ನಪ್ಪ! ನಾನೂ ಒಂದೊಂದ್ಸಲ ಮರೀತಿದ್ದೆ ಕಣೋ. ನೀನು ಬರಿದಾಗೋಕೇ ಬಿಡಲ್ವಲ್ಲ. ತಟ್ಟಿ ಕೇಳ್ತಿದ್ದೀಯಾ?"

"ದಿನಾ ಕೇಳ್ತೀನಿ. ಮೆತ್ತಗೆ ಮಾತಾಡ್ತವೆ. ಊಟ ಆದ್ಮೇಲಿನ ನಿದ್ದೆ ಅನ್ಸತ್ತೆ."

ಆ ಕಡೆ ಅಕ್ಕ ನಕ್ಕಳು. ಮಂಡಿನೋವಿನಲ್ಲೂ ನಕ್ಕಳು. ಆ ನಗು ಆಮೇಲೆ ಎಷ್ಟೋ ದಿನ ಅವನ ಕಿವಿಯಲ್ಲಿ ಉಳಿಯಿತು.

ಇಷ್ಟರಲ್ಲಿ ಆಹಾರ ಪರೀಕ್ಷೆಯ ಇನ್‌ಸ್ಪೆಕ್ಟರು ಬಂದರು. ಬಂದದ್ದು ಕನ್ನಡಕಕ್ಕೆ. ಕುರ್ಚಿಯಲ್ಲಿ ಕೂರಿಸಿ ಸಣ್ಣಕ್ಷರ ಎಂದಿನ ಹಾಗೆ, "ಸಣ್ಣಕ್ಷರ ಓದಿ ಸಾರ್" ಎಂದ. ಇನ್‌ಸ್ಪೆಕ್ಟರು ಕಣ್ಣು ಕಿರಿದು ಮಾಡಿಕೊಂಡು, "ಬಾಟ್ಲಿ... ನೀವೇ... ತರತಕ್ಕದ್ದು" ಎಂದು ಓದಿದರು.

"ಅದಲ್ಲ ಸಾರ್, ಪಕ್ಕದ ಹಲಗೆ."

"ಇರಲಿ ಇರಲಿ, ಇದನ್ನೇ ಓದ್ತೀನಿ." ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲು ಹತ್ತಿ 'ಜೇನು' ತಲುಪುವ ಹೊತ್ತಿಗೆ ಅವರ ದನಿ ಕಚೇರಿಯ ದನಿಯಾಗಿತ್ತು. "ಸಕ್ಕರೆ ಇಲ್ಲ ಅಂತ ಬರ್ದಿದ್ದೀರಿ. ಪರೀಕ್ಷೆ ಮಾಡ್ಸಿದ್ದೀರಾ?"

"ಜೇನು ಇನ್ನೂ ಬಂದೇ ಇಲ್ಲ ಸಾರ್."

"ಬಂದಿಲ್ಲದ ಜೇನಿನಲ್ಲಿ ಸಕ್ಕರೆ ಇಲ್ಲ. ಇದಕ್ಕೆ ನಾನು ಏನಂತ ನೋಟಿಸು ಕೊಡ್ಲಿ?" ಬಾಗಿಲ ಕಡೆ ನೋಡಿದರು. ದನಿ ಇಳಿಸಿದರು. "ಬಂದ ಮೇಲೆ ಹೇಳಿ. ಇಲಾಖೆಗೆ ಒಂದು ಮಾದರಿ ಬೇಕು. ಮನೆಗೆ ಒಂದು ಬಾಟ್ಲಿ. ಖಾಲಿ ಬಾಟ್ಲಿ ನಾಳೆ ಕಳಿಸ್ತೀನಿ. ನಂಗೂ ಶುಗರ್ರು."

ಸರ್ಕಾರವೇ ಬಾಟ್ಲಿ ಹಿಡಿದು ನಿಂತ ಮೇಲೆ ಇನ್ನೇನು ಬೇಕು? ಆ ದಿನ ಸಣ್ಣಕ್ಷರ ಏಳು ಟೀ ಕುಡಿದ.

ಅಕ್ಕ ನಾಳೆ ಬರುತ್ತಾಳೆ ಎಂದು ಫೋನು ಬಂದ ಮಧ್ಯಾಹ್ನ ಅವನು ಮೊದಲ ಬಾರಿಗೆ ಮುಚ್ಚಳಕ್ಕೆ ಕೈ ಹಾಕಿದ. ಅಕ್ಕನ ಕೈಗೇ ಮೊದಲ ಬಾಟ್ಲಿ ಕೊಡಬೇಕೆಂಬ ಆಸೆ. ಮುಖಕ್ಕೆ ಹೆಂಡತಿಯ ಹಳೆಯ ಸೊಳ್ಳೆಪರದೆ, ಕೈಗೆ ಎರಡೆರಡು ಕಾಲುಚೀಲ, ಕಣ್ಣಿಗೆ ಅಂಗಡಿಯ ದೊಡ್ಡ ಗಾಜು. ತಾರಸಿಯ ಬಾಗಿಲಲ್ಲಿ ಮೇಷ್ಟ್ರು ಮತ್ತು ದರ್ಜಿ ಅಮ್ಮ ಬಾಟ್ಲಿ ಹಿಡಿದು ನಿಂತಿದ್ದರು. "ಹುಷಾರಯ್ಯಾ, ಕಚ್ಚಿಯಾವು" ಎಂದರು ಮೇಷ್ಟ್ರು.

ಕಚ್ಚಲು ಯಾರೂ ಉಳಿದಿರಲಿಲ್ಲ.

ಮೇಣದ ಎರಿಗಳು ಒಣಗಿ ಹಗುರಾಗಿದ್ದವು. ಒಂದೊಂದು ಕಣದಲ್ಲೂ ಒಂದೊಂದು ನೊಣ ತಲೆಯನ್ನು ಒಳಕ್ಕೆ ತೂರಿಸಿಕೊಂಡು ಹಾಗೆಯೇ ನಿಂತುಹೋಗಿತ್ತು. ತಳದಲ್ಲಿ ಏನಾದರೂ ಉಳಿದಿದೆಯೋ ಎಂದು ಕೊನೆಯವರೆಗೂ ಹುಡುಕಿದ್ದವು. ಹಿಂಭಾಗಗಳಷ್ಟೇ ಹೊರಗೆ, ಸಾಲು ಸಾಲಾಗಿ. ಬಾಗಿಲ ಮುಂದೆ ತಟ್ಟೆ ತುಂಬಿ ತುಳುಕುತ್ತಿತ್ತು.

ದರ್ಜಿ ಅಮ್ಮ ತನ್ನ ಎರಡು ಬಾಟ್ಲಿಗಳನ್ನು ಸೆರಗಿನೊಳಗೆ ಸರಿಸಿಕೊಂಡು ಸದ್ದಿಲ್ಲದೆ ಇಳಿದುಹೋದಳು. ಮೇಷ್ಟ್ರು ಮಾತ್ರ ನಿಂತರು. "ಮೆಟ್ಟಿಲು ತಪ್ಪಿದೆ ಅಂತ ನಂಗೆ ಅವತ್ತೇ ಅನ್ಸಿತ್ತು ಕಣಯ್ಯಾ" ಎಂದರು. "ಬಾಟ್ಲಿ ಆಸೆಗೆ ಸುಮ್ಮನಾದೆ."

ಸಣ್ಣಕ್ಷರ ಪರದೆ ತೆಗೆಯುವುದನ್ನೂ ಮರೆತು ಸಂಜೆಯವರೆಗೆ ಮಣೆಯ ಪಕ್ಕದಲ್ಲೇ ಕೂತಿದ್ದ. ಕೂತಲ್ಲೇ ಅವನಿಗೆ ಇನ್ನೊಂದು ವಿಚಾರ ಹೊಳೆಯಿತು. ಅವನಿಗೆ ವಿಚಾರ ಹೊಳೆಯುವುದನ್ನು ತಡೆಯಲು ಆ ಮನೆಯಲ್ಲಿ ಯಾವ ಉಪಾಯವೂ ಇರಲಿಲ್ಲ.

ಅಂಗಡಿಯಲ್ಲಿ ಕನ್ನಡಕ ತೊಳೆಯುವ ಪುಟ್ಟ ಯಂತ್ರವೊಂದಿತ್ತು. ನೀರು ತುಂಬಿ ಗುಂಡಿ ಒತ್ತಿದರೆ ಮೂರು ನಿಮಿಷ ಗುಂಯ್ ಎಂದು ನಡುಗಿ ಕೊಳೆ ಬಿಡಿಸುತ್ತಿತ್ತು. ಬೆಳಗ್ಗೆ ಅದನ್ನು ತಂದು, ಎರಿಗಳ ನಡುವೆ ಜಾಗ ಮಾಡಿ ಒಳಗಿಟ್ಟು, ವೈರನ್ನು ಗೋಣಿಚೀಲದ ಕೆಳಗೆ ಹರಿಸಿದ.

"ಹೇಳಿಬಿಡಿ ರೀ" ಎಂದಳು ಹೆಂಡತಿ. ಈ ಸಲ ಎರಡು ಬಾರಿ ಹೇಳಿದಳು. "ಸುಮ್ನೆ ಹೇಳಿಬಿಡಿ."

"ಹೇಳ್ತೀನಿ. ಹೊಸ ಮಂಡಿಯಲ್ಲಿ ಅಷ್ಟು ಮೆಟ್ಟಿಲು ಹತ್ತಿ ಬರ್ತಾಳೆ. ಒಂದೇ ಒಂದ್ಸಲ ಕೇಳಿಸ್ಕೊಳ್ಳಲಿ. ಆಮೇಲೆ ಹೇಳ್ತೀನಿ."

ಅಕ್ಕ ಕೋಲೂರಿಕೊಂಡು ಬಂದಳು. ಟೀ ಬೇಡ, ನೀರು ಬೇಡ, ಮೊದಲು ತಾರಸಿ. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದಳು. ಅವಳ ತಲೆ ಮೇಲೆ ಕಾಣಿಸುತ್ತಿದ್ದಂತೆ ಸಣ್ಣಕ್ಷರ ಅವಸರದಲ್ಲಿ ಗುಂಡಿ ಒತ್ತಿ ಮುಚ್ಚಳ ಹಾಕಿ ಕೈ ಹಿಂದಕ್ಕೆ ಕಟ್ಟಿ ನಿಂತ.

"ತಟ್ಟೋಕ್ಕೆ ಮುಂಚೇನೇ ಮಾತಾಡ್ತಿವೆಯಲ್ಲೋ!" ಎಂದಳು ಅಕ್ಕ.

"ನೀನು ಬರ್ತೀಯ ಅಂತ ಗೊತ್ತಾಗಿದೆ."

ಅಕ್ಕ ಗೆಣ್ಣಿನಿಂದ ಮೂರು ಸಲ ತಟ್ಟಿದಳು. "ಎಲ್ಲಾ ಇದ್ದೀರೇನ್ರೋ?" ಎಂದಳು. ಕೆನ್ನೆಯನ್ನು ಪೆಟ್ಟಿಗೆಗೆ ಒತ್ತಿ ಕಣ್ಣು ಮುಚ್ಚಿಕೊಂಡಳು. ಅವಳ ಮುಖ ಮೆಲ್ಲಗೆ ಸಡಿಲವಾಗಿ ಮೂರು ವರ್ಷ ಹಿಂದಿನದಾಯಿತು. ಒಂದು ನಿಮಿಷ. ಎರಡು ನಿಮಿಷ. ಕಿವಿ ತೆಗೆಯಲೇ ಇಲ್ಲ. ಸಣ್ಣಕ್ಷರ ಗಡಿಯಾರ ನೋಡಿಕೊಂಡ. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು.

ಮೂರನೆಯ ನಿಮಿಷಕ್ಕೆ ಪೆಟ್ಟಿಗೆ 'ಟಿಣ್' ಎಂದು ಸುಮ್ಮನಾಯಿತು.

ಅಕ್ಕ ಕಣ್ಣು ತೆರೆದಳು. ತಮ್ಮನನ್ನು ನೋಡಿದಳು. ಗೋಣಿಚೀಲದ ಕೆಳಗಿನಿಂದ ಬಂದ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿ ಗೋಡೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ಪೆಟ್ಟಿಗೆಗೆ ಬಂದಳು. ಮುಚ್ಚಳವನ್ನು ಅವಳೇ ಎತ್ತಿದಳು.

ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದ. ಅವಳು ತಟ್ಟೆಯಲ್ಲಿ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು.

"ಸಿಹಿಯಾಗೇ ಇದೆಯಲ್ಲೋ" ಎಂದಳು. "ಏನು ಹಾಕಿದ್ದೆ?"

ಅವನು ಜೇಬಿನಿಂದ ಡಬ್ಬಿ ತೆಗೆದು ಕೊಟ್ಟ. ಅವಳು ತಿರುಗಿಸಿ ನೋಡಿ ವಾಪಸು ಚಾಚಿದಳು.

"ನನ್ನ ಕನ್ನಡಕ ಕೆಳಗಿದೆ. ಏನು ಬರ್ದಿದ್ದಾರೆ, ಓದು."

"ಬೇಡ ಅಕ್ಕಾ."

"ಓದೋ. ಸಣ್ಣಕ್ಷರ ಓದು."

ಅವನು ಓದಿದ. ಸಾಸಿವೆಯಷ್ಟು ಚಿಕ್ಕ ಅಕ್ಷರ, ಒಂದೂ ಮಸುಕಾಗಿರಲಿಲ್ಲ. "ಶಕ್ತಿ, ಸೊನ್ನೆ" ಎಂದ. ಮುಂದಿನ ಸಾಲಿಗೆ ಹೋಗಲಾಗಲಿಲ್ಲ.

ಕೆಳಗೆ ಬಂದ ಮೇಲೆ ಹೆಂಡತಿ ಟೀ ಇಟ್ಟಳು. ಸಣ್ಣಕ್ಷರ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಲು ಹೊರಟ. ಅಕ್ಕ ಕೋಲು ಅಡ್ಡ ಹಿಡಿದಳು.

"ಅದನ್ಯಾಕೆ ಬಿಸಾಡ್ತೀಯ? ನಂಗೂ ಅದೇ ಹಾಕಿಕೊಡು. ನಮ್ಮ ಡಾಕ್ಟ್ರೂ ಅದೇ ಹೇಳಿದ್ದಾರೆ."

"ಅದೇ ಅಕ್ಕಾ ನೊಣಗಳನ್ನ ಕೊಂದದ್ದು."

"ಅದೇನು ಮಾಡ್ತು, ಪಾಪ." ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಮಗೆ ತಿನ್ನೋಕೆ ಬೇರೆ ಸಾವಿರ ಇದೆ ಕಣೋ. ಅವಕ್ಕೆ ಅದೊಂದೇ ಇತ್ತು."

ಹೋಗುವಾಗ ಪೆಟ್ಟಿಗೆಯನ್ನು ಒಯ್ಯಲಿಲ್ಲ. ಅವನು ಹೊಸ ನೊಣಗಳನ್ನು ತರಿಸಿಕೊಡುತ್ತೇನೆ ಎಂದ. ಅಕ್ಕ, "ನಿಮ್ಮ ಭಾವ ತಟ್ಟಿದ್ದು ಇವುಗಳಿಗೆ" ಎಂದಷ್ಟೇ ಹೇಳಿ ಗಾಡಿ ಹತ್ತಿದಳು.

ಉಳಿದ ಬಾಟ್ಲಿಗಳನ್ನು ಅವನೇ ಮನೆಮನೆಗೆ ಒಯ್ದು ಕೊಟ್ಟ. ಎಲ್ಲರ ಬಾಗಿಲಲ್ಲೂ, "ಜೇನು ಬರಲಿಲ್ಲ, ತಪ್ಪು ನಂದೇ" ಎಂದ. ಇನ್‌ಸ್ಪೆಕ್ಟರು ಖಾಲಿ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಮಾದರಿಯಲ್ಲಿ ಸಕ್ಕರೆ ಇಲ್ಲ, ಅದಂತೂ ನಿಜ" ಎಂದರು. ಅವನಿಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಈಗ ಒಂದೇ ಹಲಗೆ. ಜನರನ್ನು ಕೂರಿಸಿ ಮೆಲ್ಲಗೆ, "ಕೊನೇ ಸಾಲು ಓದಿ" ಎನ್ನುತ್ತಾನೆ. ಆ ಇನ್ನೊಂದು ಪದ ಬಾಯಿಗೆ ಬರುವುದಿಲ್ಲ.

ಮುಂದಿನ ವರ್ಷ ಹೂವಿಲ್ಲದ ತಿಂಗಳು ಬಂದಾಗ ಒಂದು ಬೆಳಗ್ಗೆ ಹೆಂಡತಿ ತಾರಸಿಗೆ ಹೋದಳು. ಖಾಲಿ ಪೆಟ್ಟಿಗೆಯ ಬಾಗಿಲ ಮುಂದೆ ತಟ್ಟೆ ಇತ್ತು. ಅದರಲ್ಲಿ ಪಾಕ, ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ಮೇಲೆ ಕನ್ನಡಕದ ಕಿವಿಕಡ್ಡಿಗಳು ತೇಲುತ್ತಿದ್ದವು. ಅವನು ಪೆಟ್ಟಿಗೆಗೆ ಬೆನ್ನು ಹಾಕಿ ಕೂತು ಆಕಾಶ ನೋಡುತ್ತಿದ್ದ. ನೊಣ ಒಂದೂ ಇರಲಿಲ್ಲ.

ಗೋಡೆಯ ಬುಡದಿಂದ ಮಣೆಯ ಕಾಲಿನವರೆಗೆ, ಕಾಲಿನಿಂದ ತಟ್ಟೆಯವರೆಗೆ ಕಪ್ಪು ದಾರದ ಹಾಗೆ ಒಂದು ಸಾಲು ಹತ್ತುತ್ತಿತ್ತು.

"ಇರುವೆ ಬಂದಿವೆ ರೀ" ಎಂದಳು ಅವಳು. "ಬಟ್ಟಲಿಗೆ ನೀರು ಹಾಕ್ಲಾ?"

ಅವನು ತಿರುಗಿ ಆ ಸಾಲನ್ನು ನೋಡಿದ.

"ಬೇಡ ಬಿಡು" ಎಂದ. "ತಿನ್ನಲಿ."